ಕಾಗದ ಮುಟ್ಟಬೇಡಿ!

ಆ ಬೇಸಿಗೆಯಿಡೀ ಮನೆಯ ಮುಂಕೋಣೆಯಲ್ಲಿ ಫ್ಯಾನ್ ತಿರುಗಲಿಲ್ಲ. ಫ್ಯಾನ್ ಕೆಟ್ಟಿರಲಿಲ್ಲ, ಕರೆಂಟೂ ಹೋಗಿರಲಿಲ್ಲ. ಮನೆಯ ಅಳಿಯ ಪೆನ್ಸಿಲ್ಲಿನಲ್ಲಿ ಅಜ್ಜಿಯ ಚಿತ್ರ ಬರೆಯುತ್ತಿದ್ದ, ಅಷ್ಟೇ. ಗಾಳಿ ಬೀಸಿದರೆ ಪೆನ್ಸಿಲ್ಲಿನ ಪುಡಿ ಹಾರಿ ಅಜ್ಜಿಯ ಕೆನ್ನೆಯ ಮೇಲೆ ಕೂರುತ್ತದೆಂದು ಮನೆಮಂದಿಯೆಲ್ಲ ಬೆವರು ಒರೆಸಿಕೊಂಡು ದಿನ ತಳ್ಳಿದರು. ಆ ಕೋಣೆಯಲ್ಲಿ ಸೀನುವಂತೆಯೂ ಇರಲಿಲ್ಲ. ಸೀನು ಬಂದವರು ಮೂಗು ಹಿಡಿದುಕೊಂಡು ಮೆಟ್ಟಿಲಿಳಿದು ಬೀದಿಗೆ ಓಡಬೇಕು, ಸೀನಬೇಕು, ವಾಪಸು ಬರಬೇಕು. ಮಂಡಿನೋವಿನ ಮಾವನವರು ಎಷ್ಟೋ ಸಲ ಅರ್ಧ ಮೆಟ್ಟಿಲಲ್ಲೇ ಸೀನಿಬಿಡುತ್ತಿದ್ದರು.

ಬೀದಿಯವರ ಬಾಯಲ್ಲಿ ಅವನು 'ಪೆನ್ಸಿಲ್ ಅಳಿಯ'. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್, ಉಸಿರು ಕಾಗದಕ್ಕೆ ತಾಗಬಾರದೆಂದು ಮೂಗಿಗೆ ಕಟ್ಟಿದ ಕರವಸ್ತ್ರ. ಅಂಗೈಯಗಲದ ಒಂದು ಹಳೆಯ ಫೋಟೋ ಕೊಟ್ಟರೆ ಸಾಕು, ಅದರಲ್ಲಿನ ಮುಖವನ್ನು ಮಂಚದಷ್ಟು ದೊಡ್ಡ ಕಾಗದಕ್ಕೆ ಇಳಿಸಿಬಿಡುತ್ತಿದ್ದ, ಸುಕ್ಕಿಗೆ ಸುಕ್ಕು, ರೋಮಕ್ಕೆ ರೋಮ. ಪೆನ್ಸಿಲ್ಲಿನ ಒಂದು ಗೆರೆಯೂ ಕಣ್ಣಿಗೆ ಕಾಣಕೂಡದು ಎಂಬುದು ಅವನ ಹಟ. ಆ ಹಟ ಎಷ್ಟು ಚೆನ್ನಾಗಿ ನೆರವೇರಿತ್ತೆಂದರೆ, ಚಿತ್ರ ನೋಡಿದವರೆಲ್ಲ "ಫೋಟೋ ಎಷ್ಟು ಚೆನ್ನಾಗಿ ದೊಡ್ಡದು ಮಾಡಿಸಿದೀರಿ, ಯಾವ ಸ್ಟುಡಿಯೋ?" ಎಂದು ಕೇಳುತ್ತಿದ್ದರು.

ಆ ಪ್ರಶ್ನೆ ಕೇಳಿ ಸಂತೋಷಪಡುತ್ತಿದ್ದವರು ಮಾವ ಒಬ್ಬರೇ. ಅವರದೇ ಒಂದು ಫೋಟೋ ಸ್ಟುಡಿಯೋ ಇತ್ತು. "ಅಳಿಯಂದ್ರೆ, ನೀವು ಬೇಸಿಗೆಯೆಲ್ಲ ಕೂತು ಮಾಡೋ ಕೆಲಸಾನ ನನ್ನ ಎನ್‌ಲಾರ್ಜರ್ ಒಂದು ಲೋಟ ಕಾಫಿ ಆರೋದ್ರೊಳಗೆ ಮಾಡ್ತಿತ್ತು," ಎಂದು ಅವರು ಹೇಳುತ್ತಿದ್ದರು. ಹೇಳಿ ಕಾಫಿ ಕುಡಿಯುತ್ತಿದ್ದರು.

ಮನೆ ಅಳಿಯನಾಗಿದ್ದವನು ಇದಕ್ಕೆ ಎದುರುತ್ತರ ಕೊಡುವುದು ಕಷ್ಟ. ಹಿಂದಿನ ಸಲ ಕಲಾಸಂಘದ ಪ್ರದರ್ಶನಕ್ಕೆ ಹೋದಾಗ, ಇಲ್ಲಿ ಫೋಟೋ ತಗೊಳ್ಳೋದಿಲ್ಲ ಎಂದು ಅವನನ್ನು ಬಾಗಿಲಲ್ಲೇ ತಿರುಗಿ ಕಳಿಸಿದ್ದರು. ಆದರೆ ಈ ಸಲ ಸಂಘದವರು ಹೊಸ ನಿಯಮ ಮಾಡಿದ್ದರು. ಫೋಟೋ ನೋಡಿ ಬರೆದ ಚಿತ್ರವಾದರೆ ಮೂಲ ಫೋಟೋವನ್ನೂ ಅದರ ಪಕ್ಕದಲ್ಲೇ ತೂಗುಹಾಕಬೇಕು. ನೋಡುವವರು ಹೋಲಿಸಿಕೊಳ್ಳಬಹುದು.

"ಇನ್ನು ಯಾರು ಅನುಮಾನ ಪಡ್ತಾರೆ ನೋಡೋಣ ಮಾವ," ಎಂದ ಪೆನ್ಸಿಲ್ ಅಳಿಯ.

"ಆಗ್ಲಿ," ಎಂದರು ಮಾವ. "ಪೆನ್ಸಿಲ್ ವಿಭಾಗದಲ್ಲಿ ನಿಮಗೊಂದು ಬಹುಮಾನ ಬರ್ಲಿ. ಸಮಾಧಾನಕರ ಬಹುಮಾನ ಆದ್ರೂ ಸೈ. ಈ ಮುಂಕೋಣೆ ನಿಮ್ದೇ, ನಾನಿನ್ನು ತುಟಿ ಪಿಟಕ್ಕನ್ನಲ್ಲ. ಬರ್ಲಿಲ್ವೋ, ಮಾರನೇ ಬೆಳಿಗ್ಗೆಯಿಂದ ನೀವು ಸ್ಟುಡಿಯೋದಲ್ಲಿ ಕೂತ್ಕೋಬೇಕು. ನನ್ನ ಮಂಡಿ ಇನ್ನು ಕೇಳಲ್ಲ."

ಅವನು ಒಂದು ದಿನ ಸ್ಟುಡಿಯೋದಲ್ಲಿ ಕೂತು ನೋಡಿದ್ದ. ಬಂದವರಿಗೆಲ್ಲ "ಗಲ್ಲ ಮೇಲೆ, ನಗಬೇಡಿ, ಕಣ್ಣು ಮುಚ್ಚಬೇಡಿ" ಎಂದು ಹೇಳಿ ಹೇಳಿ ಸಂಜೆಗೆ ಕನ್ನಡಿಯಲ್ಲಿ ತನ್ನ ಮುಖಕ್ಕೇ ಹಾಗೆ ಹೇಳಿಬಿಟ್ಟಿದ್ದ. ಒಂದು ಹುಬ್ಬಿಗೆ ವಾರಗಟ್ಟಲೆ ಕೊಡುವ ಮನುಷ್ಯ ಅಲ್ಲಿ ಬದುಕುವುದು ಹೇಗೆ? ಆದರೂ ಹಲ್ಲು ಕಚ್ಚಿಕೊಂಡು "ಆಗ್ಲಿ ಮಾವ" ಎಂದು ಮಾತು ಕೊಟ್ಟ.

ಚಿತ್ರಕ್ಕೆ ಅವನು ಆರಿಸಿಕೊಂಡದ್ದು ಹೆಂಡತಿಯ ಅಜ್ಜಿಯ, ಅಂದರೆ ಮಾವನವರ ತಾಯಿಯ ಹಳೆಯ ಫೋಟೋ. ಅಜ್ಜಿ ಆಗಿನ್ನೂ ಅಜ್ಜಿಯಾಗಿರಲಿಲ್ಲ. ಮಾವನವರು ಮೊದಲ ಕ್ಯಾಮರಾ ಕೊಂಡ ಹೊಸದರಲ್ಲಿ ಅಮ್ಮನನ್ನು ಅಂಗಳದ ಬಿಸಿಲಿನಲ್ಲಿ ಕೂರಿಸಿ ತೆಗೆದದ್ದು. ಕೆಲಸ ಮಾಡುವಾಗ ಅವನು ಫೋಟೋವನ್ನು ತಲೆಕೆಳಗಾಗಿ ಇಟ್ಟು, ಒಂದು ಚಿಕ್ಕ ಚೌಕ ಬಿಟ್ಟು ಉಳಿದದ್ದನ್ನೆಲ್ಲ ಕಪ್ಪು ಕಾಗದದಿಂದ ಮುಚ್ಚುತ್ತಿದ್ದ. ಇದು ಮೂಗು, ಇದು ಬಾಯಿ ಎಂದು ಗೊತ್ತಾದರೆ ಕೈ ತನಗೆ ತಿಳಿದ ಮೂಗು ಬರೆದುಬಿಡುತ್ತದಂತೆ. ಏನೆಂದು ಗೊತ್ತಿಲ್ಲದೆ ಚೌಕದಲ್ಲಿ ಇದ್ದಬದ್ದದ್ದನ್ನೆಲ್ಲ ಇಳಿಸಬೇಕು. ಕಣ್ಣಿನ ಚೌಕಗಳಲ್ಲಿ ಕೂದಲೆಳೆಯಂಥ ಸಣ್ಣ ಗೆರೆಗಳಿದ್ದವು. ರೆಪ್ಪೆಯ ನೆರಳಿರಬೇಕೆಂದುಕೊಂಡು, ಭೂತಗನ್ನಡಿ ಹಿಡಿದು ಅವುಗಳಲ್ಲಿ ಒಂದನ್ನೂ ಬಿಡದೆ ಇಳಿಸಿದ. ಮುಗಿದ ಮೇಲೆ ತಿರುಗಿಸಿ ನೋಡಿದರೆ ಆ ಕಣ್ಣುಗಳು ಕೋಣೆಯಲ್ಲಿ ಎಲ್ಲಿ ಹೋದರೂ ನಮ್ಮನ್ನೇ ನೋಡುತ್ತಿದ್ದವು.

ಅಜ್ಜಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. "ಇದು ನನ್ನ ಕಣ್ಣಲ್ಲ ಕಣಪ್ಪ," ಎಂದರು.

"ಅಜ್ಜಿ, ಫೋಟೋದಲ್ಲಿ ಹೆಂಗಿದೆಯೋ ಹಂಗೇ ಬರ್ದಿದೀನಿ."

"ಅವತ್ತು ಬಿಸಿಲು ಚುಚ್ತಿತ್ತು. ನಂಗೆ ಕಣ್ಣು ಬಿಡೋಕೇ ಆಗಿರ್ಲಿಲ್ಲ."

"ನಿಮಗೆ ಮರ್ತುಹೋಗಿದೆ. ಫೋಟೋ ಸುಳ್ಳು ಹೇಳಲ್ಲ ಅಜ್ಜಿ."

ಪಕ್ಕದಲ್ಲಿ ಕೂತಿದ್ದ ಮಾವನವರಿಗೆ ಯಾಕೋ ಕೆಮ್ಮು ಬಂತು. ಎದ್ದು ಬೀದಿಗೆ ಹೋದರು.

ಪ್ರದರ್ಶನದ ದಿನ ಬೆಳಿಗ್ಗೆ ಅಜ್ಜಿಯ ಮುಂಗುರುಳಿನ ಕೊನೆಯ ಕೂದಲು ಮುಗಿಯಿತು. ಮಧ್ಯಾಹ್ನದೊಳಗೆ ಚಿತ್ರ ಸಂಘದ ಗೋಡೆಯ ಮೇಲಿರಬೇಕು. ಪೆನ್ಸಿಲ್ ಅಳಿಯ ಕಾಗದ ಬಿಗಿದ ಹಲಗೆಯನ್ನು ಹೆಂಡತಿಯ ಜೊತೆ ಸೇರಿ ಎತ್ತಿ ಬಾಗಿಲವರೆಗೂ ತಂದ. ಅಲ್ಲಿಗೆ ಅದು ನಿಂತಿತು.

"ರೀ, ಇದು ಬಾಗಿಲಿಗಿಂತ ಅಗಲ ಇದೆ!" ಎಂದಳು ಹೆಂಡತಿ.

ಕಾಗದ ಸುರುಳಿಯಾಗಿ ಬಂದಿತ್ತು. ಹಲಗೆ ಪಟ್ಟಿ ಪಟ್ಟಿಯಾಗಿ ಬಂದು ಕೋಣೆಯೊಳಗೇ ಜೋಡಣೆಯಾಗಿತ್ತು. ಅಜ್ಜಿಯ ಒಂದೊಂದು ರೋಮವನ್ನೂ ಅಳೆದವನು ಬಾಗಿಲನ್ನು ಅಳೆದಿರಲಿಲ್ಲ.

ಇಂಥ ಹೊತ್ತಿಗೆ ಪಕ್ಕದ ಮನೆಯ ಮೇಷ್ಟ್ರು ಬಾರದೆ ಇರುವುದುಂಟೇ? ಅವರು ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. ಕೈಯಲ್ಲಿ ಕೊಡೆ, ಅದೇ ಅವರ ಅಳತೆಕೋಲು. ಬಾಗಿಲಿಗೊಮ್ಮೆ ಹಲಗೆಗೊಮ್ಮೆ ಕೊಡೆ ಹಿಡಿದು, "ಏನಯ್ಯ, ಇದಕ್ಕ್ಯಾಕೆ ಇಷ್ಟು ತಲೆ ಕೆಡಿಸ್ಕೊಂಡಿದೀಯ? ಸರಿಯಾಗಿ ಮಧ್ಯಕ್ಕೆ ಒಂದೇ ಒಂದು ಮಡಿಕೆ ಮಾಡು. ಅಜ್ಜಿ ಮೂಗಿನ ಮೇಲೇ ಬರುತ್ತೆ, ಗೊತ್ತೂ ಆಗಲ್ಲ," ಎಂದು ಕೈ ಮುಂದೆ ಚಾಚಿದರು.

"ಕಾಗದ ಮುಟ್ಟಬೇಡಿ!"

ಆ ಕೂಗಿಗೆ ಕೆಳಮನೆಯ ನರ್ಸಮ್ಮ ಮೆಟ್ಟಿಲು ಹತ್ತಿ ಓಡಿಬಂದರು. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದರು, ಬಿಳಿ ಸಮವಸ್ತ್ರವನ್ನೂ ತೆಗೆದಿರಲಿಲ್ಲ. ಯಾರಿಗೋ ಏನೋ ಆಗಿದೆ ಎಂದುಕೊಂಡು ಬಂದವರು ವಿಷಯ ತಿಳಿದು ಸೊಂಟದ ಮೇಲೆ ಕೈಯಿಟ್ಟರು.

"ಅಷ್ಟೇ ತಾನೆ? ಬಾಗಿಲು ಕಿತ್ಹಾಕಿ."

"ಬಾಗಿಲೇ?" ಎಂದರು ಮಾವ.

"ವಾರ್ಡಿಂದ ಮಂಚ ಹೊರಗೆ ಹಾಕೋವಾಗ ನಾವು ಮಾಡೋದೇ ಹಂಗೆ. ಕದ ತೆಗೆದ್ರೆ ಎರಡು ಬೆರಳು ಜಾಗ ಸಿಗುತ್ತೆ. ಒಂದು ಸ್ಕ್ರೂಡ್ರೈವರ್ ಕೊಡಿ."

ನರ್ಸಮ್ಮ ಹೇಳಿದ್ದಕ್ಕೆ ಬೀದಿಯಲ್ಲಿ ಯಾರೂ ಎದುರು ಹೇಳುವುದಿಲ್ಲ. ಎಲ್ಲರಿಗೂ ಯಾವಾಗಲಾದರೂ ಒಮ್ಮೆ ಅವರು ಚುಚ್ಚಿದ್ದಾರೆ. ಕದ ಕಳಚಿ ಗೋಡೆಗೆ ಒರಗಿತು. ಹಲಗೆ ಎರಡು ಕಡೆಯೂ ಚೌಕಟ್ಟನ್ನು ಉಜ್ಜಿಕೊಂಡು ಹೊರಗೆ ಬಂತು. ಪೆನ್ಸಿಲ್ ಅಳಿಯನ ಜೀವವೂ ಅದರ ಜೊತೆ ಉಜ್ಜಿಕೊಂಡೇ ಬಂತು.

"ಇನ್ನು ಮೆಟ್ಟಿಲು. ನಿಲ್ಸಿಕೊಂಡು ಹೋದ್ರೆ ತಿರುವಲ್ಲಿ ಸಿಕ್ಕಾಕೊಳ್ಳುತ್ತೆ. ಮಲಗಿಸಿ. ಪೇಷೆಂಟ್ ಎತ್ತೋ ಹಂಗೆ ನಾಕು ಮೂಲೆಗೆ ನಾಕು ಜನ. ಮೇಲೆ ಒಂದು ಬಿಳೀ ಬಟ್ಟೆ ಹೊದಿಸಿ, ಧೂಳು ಬೀಳಲ್ಲ."

ಹೆಂಡತಿ ಬೀರುವಿನಲ್ಲಿದ್ದ ಒಗೆದ ಹೊದಿಕೆ ತಂದಳು. ಬಟ್ಟೆ ಕಾಗದಕ್ಕೆ ತಾಗದಂತೆ ಹಲಗೆಯ ಅಂಚಿನ ಪಟ್ಟಿಗಳ ಮೇಲೆ ಅದನ್ನು ಬಿಗಿದು ಕಟ್ಟಿದರು. ಕದವಿಲ್ಲದ ಮನೆಗೆ ಕಾವಲು ಬೇಕಲ್ಲ, ಬಾಗಿಲಲ್ಲಿ ಒಂದು ಕುರ್ಚಿ ಹಾಕಿ ಅಜ್ಜಿಯನ್ನು ಕೂರಿಸಿದರು.

ಹೀಗೆ ಆ ಮೆರವಣಿಗೆ ಬೀದಿಗೆ ಇಳಿಯಿತು. ಮುಂದಿನ ಎರಡು ಮೂಲೆಗೆ ಪೆನ್ಸಿಲ್ ಅಳಿಯ ಮತ್ತು ಸಮವಸ್ತ್ರದ ನರ್ಸಮ್ಮ. ಅವನು ಮೂಗಿನ ಕರವಸ್ತ್ರ ಬಿಚ್ಚುವುದನ್ನೇ ಮರೆತಿದ್ದ. ಹಿಂದಿನ ಎರಡು ಮೂಲೆಗೆ ಹೆಂಡತಿ ಮತ್ತು ಮೇಷ್ಟ್ರು. ಮಧ್ಯೆ ಬಿಳಿ ಬಟ್ಟೆ ಹೊದ್ದು ಮಲಗಿದ ಉದ್ದನೆಯ ಏನೋ ಒಂದು. ಇವರೆಲ್ಲರ ಹಿಂದೆ ಅಜ್ಜಿಯ ಚಿಕ್ಕ ಫೋಟೋವನ್ನು, ಕಟ್ಟು ಹಾಕಿಸಿದ್ದನ್ನು, ಎದೆಗವಚಿಕೊಂಡ ಮಾವನವರು. ಮಂಡಿ ನೋಯುತ್ತಿದ್ದುದರಿಂದ ನೆಲ ನೋಡಿಕೊಂಡು, ತಲೆ ತಗ್ಗಿಸಿ, ಒಂದೊಂದೇ ಹೆಜ್ಜೆ ಇಡುತ್ತಿದ್ದರು.

ನೋಡಿದವರು ಇನ್ನೇನು ತಿಳಿಯಬೇಕು?

ಮೊದಲು ಎದ್ದು ನಿಂತವನು ಮೂಲೆಯಂಗಡಿಯ ಟೈಲರ್. ಹೊಲಿಗೆಯಂತ್ರ ನಿಲ್ಲಿಸಿ, ಕೊರಳಿನ ಟೇಪು ತೆಗೆದು ಕೈಯಲ್ಲಿ ಹಿಡಿದುಕೊಂಡ. ಎದುರಿಗೆ ಬರುತ್ತಿದ್ದ ಬಸ್ಸು ಬದಿಗೆ ಸರಿದು ನಿಂತಿತು. ಹಾರ್ನ್ ಕೂಡ ಹೊಡೆಯಲಿಲ್ಲ. ಟೈಲರ್ ಮೆಲ್ಲಗೆ ಬಂದು ಮೇಷ್ಟ್ರ ಪಕ್ಕದಲ್ಲಿ ಹೆಜ್ಜೆ ಹಾಕುತ್ತ, "ಯಾರು ಸಾರ್?" ಎಂದು ಪಿಸುಗುಟ್ಟಿದ.

ಮೇಷ್ಟ್ರಿಗೆ ಏದುಸಿರು. "ಅಜ್ಜಿ," ಎಂದಷ್ಟೇ ಹೇಳಿದರು.

"ಅಯ್ಯೋ! ಯಾವಾಗ?"

"ಬೆಳಿಗ್ಗೆ ಮುಗೀತು."

"ತುಂಬ ನರಳಿದ್ರಾ?"

"ಅಳಿಯ ನರಳಿದ. ಬೇಸಿಗೆಯೆಲ್ಲ ಪಕ್ಕದಲ್ಲೇ ಕೂತಿದ್ದ, ಹೊತ್ತುಹೊತ್ತಿಗೆ ಊಟ ಇಲ್ಲ, ಫ್ಯಾನೂ ಇಲ್ಲ."

ಟೈಲರ್ ಕಣ್ಣೊರೆಸಿಕೊಂಡ. ಎಷ್ಟೋ ವರ್ಷ ಅಜ್ಜಿಯ ರವಿಕೆ ಹೊಲಿದವನು ಅವನು. ಇಂಥ ಅಳಿಯ ಯಾರಿಗೆ ಸಿಕ್ತಾರೆ ಎಂದು ಹಿಂದಿನವರಿಗೆ ಹೇಳಿದ. ಅವರು ತಮ್ಮ ಹಿಂದಿನವರಿಗೆ ಹೇಳಿದರು. ಒಬ್ಬರು ಚಪ್ಪಲಿ ಕೈಗೆ ತೆಗೆದುಕೊಂಡರು, ಯಾಕೆಂದು ಅವರಿಗೂ ತಿಳಿದಂತಿರಲಿಲ್ಲ. ಹೊರಲು ಹೆಗಲು ಕೊಡಲು ಬಂದವರಿಗೆಲ್ಲ ಪೆನ್ಸಿಲ್ ಅಳಿಯ ಕರವಸ್ತ್ರದೊಳಗಿಂದಲೇ "ಯಾರೂ ಮುಟ್ಟಬೇಡಿ! ದೂರ! ದೂರ!" ಎಂದು ಕಿರುಚಿದ. ದುಃಖದಲ್ಲಿ ಮನುಷ್ಯನಿಗೆ ಹೀಗಾಗುವುದು ಸಹಜವೆಂದು ಜನ ಇನ್ನಷ್ಟು ಮರುಗಿದರು.

ಇತ್ತ ಸುದ್ದಿ ಕೇಳಿ ಅಜ್ಜಿಯ ಗೆಳತಿಯೊಬ್ಬರು ಅಳುತ್ತ ಮನೆಗೆ ಬಂದಿದ್ದರಂತೆ. ಮೆಟ್ಟಿಲು ಹತ್ತಿ ನೋಡಿದರೆ ಕದವಿಲ್ಲದ ಬಾಗಿಲಲ್ಲಿ ಅಜ್ಜಿಯೇ ಕೂತಿದ್ದಾರೆ! "ಬಾರೇ, ಒಳಗೆ ಬಾ," ಎಂದು ಅಜ್ಜಿ ಕರೆದದ್ದೇ ತಡ, ಗೆಳತಿ ಇಳಿದು ಓಡಿದ ರಭಸ ನೋಡಿ "ಅವಳ ಮಂಡಿ ನೋವು ಯಾವಾಗ ವಾಸಿ ಆಯ್ತೋ" ಎಂದು ಅಜ್ಜಿ ಬೆರಗಾದರಂತೆ.

ಕಲಾಸಂಘದ ಹಾಲ್ ತಲುಪುವ ಹೊತ್ತಿಗೆ ಅರ್ಧ ಬೀದಿ ಬೆನ್ನಿಗಿತ್ತು. ಸಂಘದ ಕಾರ್ಯದರ್ಶಿ ಈ ಗುಂಪು ನೋಡಿ ಗಾಬರಿಯಿಂದ ಬಾಗಿಲಿಗೆ ಅಡ್ಡ ನಿಂತರು. "ಇಲ್ಲಿಗ್ಯಾಕೆ ತಂದ್ರಿ? ಇದು ಪ್ರದರ್ಶನ ರೀ!"

"ಪ್ರದರ್ಶನಕ್ಕೇ ತಂದಿದ್ದು," ಎಂದ ಪೆನ್ಸಿಲ್ ಅಳಿಯ. ಹಲಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಬಟ್ಟೆ ಎಳೆದ.

"ಅಜ್ಜಿ ಕಣ್ಣು ಬಿಟ್ರು!" ಎಂದು ಟೈಲರ್ ಚೀರಿದ.

ಜನ ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲ ಕಡೆ ನುಗ್ಗಿದರು. "ಕಣ್ಣು ಬಿಟ್ಟಿದ್ದಷ್ಟೇ ಅಲ್ಲ, ವಯಸ್ಸೂ ಕಮ್ಮಿ ಆಗಿದೆ," ಎಂದು ಯಾರೋ ನಡುಗುವ ದನಿಯಲ್ಲಿ ಹೇಳಿದರು. ನರ್ಸಮ್ಮ "ಎಲ್ರೂ ಸುಮ್ನಿರಿ, ಇದು ಚಿತ್ರ!" ಎಂದು ಗದರಿದ ಮೇಲೆ ಸದ್ದಡಗಿತು. ಟೈಲರ್ ನಂಬಲಿಲ್ಲ. ಕೆನ್ನೆ ಮುಟ್ಟಿ ನೋಡಲು ಬೆರಳು ಚಾಚಿದ.

"ಕಾಗದ ಮುಟ್ಟಬೇಡಿ!"

ಅಳಲು ಬಂದವರಿಗೆ ಸ್ವಲ್ಪ ನಿರಾಸೆಯಾಯಿತು. ಆದರೂ ಕೆಲಸ ಬಿಟ್ಟು ಬಂದದ್ದಾಗಿದೆ, ಬಹುಮಾನ ಯಾರಿಗೆಂದು ನೋಡಿಕೊಂಡೇ ಹೋಗೋಣವೆಂದು ಎಲ್ಲರೂ ಉಳಿದರು.

ಚಿತ್ರವನ್ನು ತೂಗುಹಾಕಿದರು. ನಿಯಮದ ಪ್ರಕಾರ ಪಕ್ಕದಲ್ಲೊಂದು ಮೊಳೆಗೆ ಮಾವನವರ ಚಿಕ್ಕ ಫೋಟೋ. ಕಾರ್ಯದರ್ಶಿ ಕೈಯಲ್ಲಿ 'ಅಜ್ಜಿ, ಪೆನ್ಸಿಲ್' ಎಂದು ಬರೆದ ಚೀಟಿ ಹಿಡಿದು ಬಂದರು. ಅದರ ಬೆನ್ನಿಗೆ ಗೋಂದು ಹಚ್ಚಿ ಚಿತ್ರದ ಕೆಳಮೂಲೆಗೆ ಒತ್ತಲು ಹೊರಟರು.

"ಕಾಗದ ಮುಟ್ಟಬೇಡಿ!"

"ಚೀಟಿ ಇಲ್ದೆ ತೀರ್ಪು ಕೊಡಲ್ಲ ಸ್ವಾಮಿ. ಗೋಡೆಗೆ ಅಂಟಿಸಿದ್ರೆ ಸುಣ್ಣದ ಸಮೇತ ಉದುರುತ್ತೆ. ಮತ್ತೆಲ್ಲಿ ಹಾಕ್ಲಿ?"

"ಎಲ್ಲಾದ್ರೂ ಹಾಕಿ. ನನ್ನ ಕಾಗದಕ್ಕೆ ಮಾತ್ರ ಬೇಡ."

ಕಾರ್ಯದರ್ಶಿ ಅತ್ತ ಇತ್ತ ನೋಡಿ, ಚಿಕ್ಕ ಫೋಟೋದ ಕಟ್ಟಿನ ಕೆಳಗೆ ಚೀಟಿ ಅಂಟಿಸಿದರು. ಗಟ್ಟಿಯಾಗಿ ಕೂತಿತು. "ಈಗ ಸರಿಯಾಯ್ತು," ಎಂದ ಪೆನ್ಸಿಲ್ ಅಳಿಯ. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ತೀರ್ಪುಗಾರ್ತಿಯನ್ನು ಒಳಗೆ ಬಿಟ್ಟರು. ಬಿಳಿಗೂದಲಿನ ಹಿರಿಯ ಚಿತ್ರಗಾರ್ತಿ, ಕೊರಳಲ್ಲಿ ಸರದ ಬದಲು ಒಂದು ಭೂತಗನ್ನಡಿ. ಒಮ್ಮೆ ಕೊಟ್ಟ ತೀರ್ಪನ್ನು ಆಕೆ ಇದುವರೆಗೂ ಬದಲಿಸಿದ್ದಿಲ್ಲವೆಂದು ಪ್ರತೀತಿ.

ಹೊರಗೆ ಪೆನ್ಸಿಲ್ ಅಳಿಯ ಶತಪಥ ಹಾಕಿದ. ಮಾವನವರು ಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತಿದ್ದರು. "ಸ್ಟುಡಿಯೋ ಬೀಗ ಸ್ವಲ್ಪ ಗಟ್ಟಿ ಅಳಿಯಂದ್ರೆ. ಎಡಕ್ಕೆ ಒತ್ತಿ ತಿರುಗಿಸ್ಬೇಕು. ಹೇಳಿರ್ತೀನಿ," ಎಂದರು.

"ಅದರ ಅಗತ್ಯ ಬೀಳಲ್ಲ ಮಾವ."

"ಬೀಳದೆ ಇರ್ಲಿ. ಗೊತ್ತಿದ್ರೆ ನಷ್ಟ ಏನು?"

ಸಂಜೆ ಬಾಗಿಲು ತೆರೆಯಿತು. ಪೆನ್ಸಿಲ್ ವಿಭಾಗದ ಸರದಿ ಬಂದಾಗ ಕಾರ್ಯದರ್ಶಿ ಕೆಮ್ಮಿ ಗಂಟಲು ಸರಿಮಾಡಿಕೊಂಡು ಕೂಗಿದರು. "ಮೊದಲನೆಯ ಬಹುಮಾನ... ಅಜ್ಜಿ!"

ಹಾಲ್ ಎದ್ದು ಕುಣಿಯಿತು. ಟೈಲರ್ ಈ ಸಲ ನಿಜವಾದ ಸಂತೋಷಕ್ಕೆ ಅತ್ತ. ಮೇಷ್ಟ್ರು ಕೊಡೆ ಬಿಚ್ಚಿಬಿಟ್ಟರು. ಹೆಂಡತಿ "ರೀ, ಇವತ್ತಿಂದ ಫ್ಯಾನ್!" ಎಂದು ಅವನ ತೋಳು ಹಿಡಿದು ಅಲ್ಲಾಡಿಸಿದಳು. ಬೇಸಿಗೆಯೆಲ್ಲ ಬೆವರಿದ್ದು, ಬೆನ್ನು ಬಗ್ಗಿಹೋದದ್ದು, ಕಣ್ಣು ಉರಿದದ್ದು ಎಲ್ಲ ಆ ಒಂದು ಕೂಗಿನಲ್ಲಿ ಕರಗಿತು. ಅವನು ಮಾವನವರ ಕಡೆ ತಿರುಗಿ ನೋಡಿದ. ಅವರು ಕೊಟ್ಟ ಮಾತಿನಂತೆ ತುಟಿ ಬಿಗಿಹಿಡಿದು ಕೂತಿದ್ದರು.

ತೀರ್ಪುಗಾರ್ತಿ ಮುಂದೆ ಬಂದರು. ಅವರ ಕೈಯಲ್ಲಿ ಚಿಕ್ಕ ಕಟ್ಟು ಇತ್ತು.

"ಎಂಥ ಕೈ!" ಎಂದರು ಅವರು ಅದನ್ನು ಎತ್ತಿ ಹಿಡಿದು. "ಅಂಗೈ ಅಗಲದ ಜಾಗದಲ್ಲಿ ಇಡೀ ಮುಖ. ಮೊದಲು ನೋಡಿದಾಗ ನಾನೂ ಫೋಟೋ ಅಂದ್ಕೊಂಡೆ. ಭೂತಗನ್ನಡಿ ಹಿಡಿದ್ರೆ ಕಣ್ಣಲ್ಲಿ ಪೆನ್ಸಿಲ್ ಗೆರೆಗಳು! ಕೂದಲಿಗಿಂತ ಸಣ್ಣ! ಈ ಕಲಾವಿದನ ವಿನಯ ನೋಡಿ, ನಮ್ಮಂಥವರಿಗೆ ಕಣ್ಣು ಸರಿಯಾಗಿ ಕಾಣಲ್ಲ ಅಂತ ಇದನ್ನೇ ಫೋಟೋ ತೆಗೆಸಿ, ದೊಡ್ಡದು ಮಾಡಿಸಿ ಪಕ್ಕದಲ್ಲಿ ಹಾಕಿದಾರೆ."

ಪೆನ್ಸಿಲ್ ಅಳಿಯನ ಮುಖ ಕಾಗದದ ಬಣ್ಣಕ್ಕೆ ತಿರುಗಿತು.

"ಅಮ್ಮಾ," ಎಂದ ಹೇಗೋ. "ಆ ಚಿಕ್ಕದು ಫೋಟೋ. ನಾನು ಬರ್ದಿದ್ದು ದೊಡ್ಡದನ್ನ."

"ಅದರಲ್ಲಿ ಒಂದು ಗೆರೆಯೂ ಕಾಣಲ್ವಲ್ಲಪ್ಪ. ಎಲ್ಲ ಕಡೆ ಹುಡುಕಿದೆ."

"ಕಾಣಬಾರದು ಅಂತಾನೇ ಹಂಗೆ ಬರ್ದಿದೀನಿ!"

"ಕಣ್ಣಲ್ಲಿ ಮಾತ್ರ ಗೆರೆ ಇದೆ. ಈ ಚಿಕ್ಕದರಲ್ಲಿ ಎಲ್ಲೆಲ್ಲಿ ಇದೆಯೋ ಅಲ್ಲಲ್ಲೇ ಇದೆ, ದಪ್ಪ ಮಾತ್ರ ಆಗಿದೆ. ಎನ್‌ಲಾರ್ಜ್ ಮಾಡಿದ್ರೆ ತಾನೆ ಹಾಗಾಗೋದು?"

ಸುತ್ತಲೂ ತಲೆಗಳು ಹೌದೆಂದು ಅಲ್ಲಾಡಿದವು. ಮೇಷ್ಟ್ರು ಕೂಡ "ಲೆಕ್ಕ ಸರಿಯಾಗೇ ಇದೆ" ಎಂದುಬಿಟ್ಟರು. ಪೆನ್ಸಿಲ್ ಅಳಿಯನ ಕಣ್ಣ ಮುಂದೆ ಸ್ಟುಡಿಯೋದ ಸ್ಟೂಲು ಬಂದು ನಿಂತಿತು. ಗಲ್ಲ ಮೇಲೆ, ನಗಬೇಡಿ, ಕಣ್ಣು ಮುಚ್ಚಬೇಡಿ. ಇಲ್ಲ, ಸಾಧ್ಯವಿಲ್ಲ. ಅವನು ಜನರನ್ನು ತಳ್ಳಿಕೊಂಡು ಚಿತ್ರದ ಬಳಿಗೆ ನುಗ್ಗಿದ.

"ಫೋಟೋ ಅಂತೀರಾ? ಫೋಟೋ ಆಗಿದ್ರೆ ಹಿಂಗಾಗುತ್ತಾ, ನೋಡಿ!"

ಬೆಳಿಗ್ಗೆಯಿಂದ ಯಾರನ್ನೂ ಹತ್ತಿರ ಬಿಡದಿದ್ದವನು ತನ್ನದೇ ಹೆಬ್ಬೆರಳನ್ನು ಅಜ್ಜಿಯ ಕೆನ್ನೆಯ ಮೇಲೆ ಊರಿ, ಎಡಗಣ್ಣಿನವರೆಗೂ ಬಲವಾಗಿ ಎಳೆದ. ನೆರಳು ಬೆಳಕು ಒಂದಾಗಿ, ಕೆನ್ನೆಯಿಂದ ಹುಬ್ಬಿನವರೆಗೆ ಮಸಿ ಅರಿವೆಯಿಂದ ಒರೆಸಿದ ಹಾಗೆ ಒಂದು ಬೂದು ಪಟ್ಟೆ ಎದ್ದಿತು. ಕಪ್ಪಾದ ಹೆಬ್ಬೆರಳನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ಅಯ್ಯೋ ರೀ!" ಎಂದಳು ಹೆಂಡತಿ.

ತೀರ್ಪುಗಾರ್ತಿ ಆ ಹೆಬ್ಬೆರಳನ್ನು ಭೂತಗನ್ನಡಿಯಲ್ಲಿ ಸಾವಕಾಶವಾಗಿ ನೋಡಿದರು. "ನಿಜ, ಪೆನ್ಸಿಲ್ಲೇ," ಎಂದರು. ಅವರ ದನಿ ಮೆತ್ತಗಾಗಿತ್ತು. "ಇಷ್ಟು ದೊಡ್ಡದನ್ನ ಕೈಯಲ್ಲೇ ಬರೆದ್ಯಾ? ಅಬ್ಬಾ! ಮೊದಲೇ ಗೊತ್ತಾಗಿದ್ರೆ..."

"ಈಗ ಗೊತ್ತಾಯ್ತಲ್ಲ!"

"ಈಗ ಕೆನ್ನೆ ಹೋಗಿದೆಯಲ್ಲಪ್ಪ. ಒಂದು ಕಣ್ಣೂ ಇಲ್ಲ. ಕೆಟ್ಟುಹೋದ ಚಿತ್ರಕ್ಕೆ ಹೆಂಗೆ ಬಹುಮಾನ ಕೊಡ್ಲಿ?"

"ಸಮಾಧಾನಕರ ಬಹುಮಾನ ಆದ್ರೂ..."

"ಸಮಾಧಾನ ಬೇಕಾದ್ರೆ ಮಾಡ್ತೀನಿ. ಬಹುಮಾನ ಇಲ್ಲ." ಆಮೇಲೆ ಅವರು ಚಿಕ್ಕ ಕಟ್ಟಿನ ಕಡೆ ತಿರುಗಿದರು. "ಅದಿರ್ಲಿ. ಇದು ಫೋಟೋ ಅಂದ್ಯಲ್ಲ, ಮತ್ತೆ ಈ ಕಣ್ಣಿನ ಪೆನ್ಸಿಲ್ ಗೆರೆ ಯಾರ್ದು?"

ಹಿಂದಿನ ಬೆಂಚಿನಿಂದ ಒಂದು ಕೆಮ್ಮು ಕೇಳಿತು. ಪೆನ್ಸಿಲ್ ಅಳಿಯನಿಗೆ ಆ ಕೆಮ್ಮಿನ ಗುರುತು ಚೆನ್ನಾಗಿಯೇ ಇತ್ತು.

"ನಂದು," ಎಂದರು ಮಾವನವರು ಎದ್ದು ನಿಂತು. ಆ ವಯಸ್ಸಿನಲ್ಲೂ ಅವರ ಕಿವಿ ಕೆಂಪಾಗಿತ್ತು. "ಅವತ್ತು ಅಮ್ಮ ಬಿಸಿಲಿಗೆ ಕಣ್ಣು ಮುಚ್ಚಿಬಿಟ್ಟಿದ್ರು. ಹೊಸಾ ಕ್ಯಾಮರಾ, ನಾನು ತೆಗೆದ ಮೊದಲನೇ ಫೋಟೋ. ಹಾಳಾಯ್ತು ಅಂತ ಹೇಳೋಕೆ ಮನಸ್ಸಾಗ್ಲಿಲ್ಲ. ಪ್ರಿಂಟ್ ಮೇಲೆ ಪೆನ್ಸಿಲ್ಲಲ್ಲಿ ಕಣ್ಣು ಬರೆದ್ಬಿಟ್ಟೆ. ಆಗೆಲ್ಲ ಸ್ಟುಡಿಯೋದವರು ಅಷ್ಟಿಷ್ಟು ತಿದ್ತಿದ್ರು."

"ಹಾಗಾದ್ರೆ ಬಹುಮಾನ ನಿಮ್ದೇ," ಎಂದರು ತೀರ್ಪುಗಾರ್ತಿ. "ನಾನು ಕೊಟ್ಟಿದ್ದು ಕಣ್ಣಿಗೆ. ಮುಖ ಯಾವುದಾದ್ರೂ ಇರ್ಲಿ. ಇವತ್ತಿನವರೆಗೆ ನನ್ನ ತೀರ್ಪು ಬದಲಾಗಿಲ್ಲ, ಈಗ್ಲೂ ಆಗಲ್ಲ."

"ಅಂದ್ರೆ," ಎಂದ ಪೆನ್ಸಿಲ್ ಅಳಿಯ ಗೋಡೆ ಹಿಡಿದುಕೊಂಡು, "ನಾನು ಅಷ್ಟು ದಿನ ಕೂತು ಬರ್ದ ಕಣ್ಣು..."

"ಇವರ ಕಣ್ಣಿನ ನಕಲು," ಎಂದು ತೀರ್ಪುಗಾರ್ತಿ ವಾಕ್ಯ ಮುಗಿಸಿಕೊಟ್ಟರು. "ನಕಲು ಬಹಳ ಚೆನ್ನಾಗಿತ್ತು."

ಮನೆಗೆ ವಾಪಸು ಬರುವಾಗ ಹಲಗೆಗೆ ಯಾರೂ ಬಟ್ಟೆ ಹೊದಿಸಲಿಲ್ಲ. ಮಾವನವರು ಮಾತ್ರ ಪ್ರಶಸ್ತಿಪತ್ರವನ್ನು ಎದೆಗವಚಿಕೊಂಡು ಎಲ್ಲರಿಗಿಂತ ಮುಂದೆ ನಡೆದರು. ಅವರ ಮಂಡಿಗೆ ಅಂದು ಯಾವ ನೋವೂ ಇದ್ದಂತೆ ಕಾಣಲಿಲ್ಲ. ಮನೆಗೆ ಕದ ಇನ್ನೂ ಕೂರಿಸಿರಲಿಲ್ಲವಾದ್ದರಿಂದ ಚಿತ್ರ ಸಲೀಸಾಗಿ ಒಳಗೆ ಹೋಯಿತು. ಹೆಂಡತಿ ಮೊದಲ ಕೆಲಸವಾಗಿ ಫ್ಯಾನ್ ಹಾಕಿದಳು. ತಿಂಗಳುಗಟ್ಟಲೆ ನಿಂತಿದ್ದ ರೆಕ್ಕೆಗಳು ಕಿರ್ರೆಂದು ತಿರುಗಿ, ಮೇಲಿನ ಧೂಳನ್ನೆಲ್ಲ ಕೋಣೆಗೆ ಚೆಲ್ಲಿದವು. ಪೆನ್ಸಿಲ್ ಅಳಿಯ ತಡೆಯಲೂ ಇಲ್ಲ.

ಅಜ್ಜಿ ಕುರ್ಚಿಯಿಂದೆದ್ದು ಬಂದು ಚಿತ್ರದ ಮುಂದೆ ನಿಂತರು. ಬೂದು ಪಟ್ಟೆಯ ಕೆಳಗೆ ಎಡಗಣ್ಣು ಮುಚ್ಚಿಹೋಗಿ, ಕೆನ್ನೆ ಬಿಸಿಲಿಗೆ ಮುದುಡಿದ ಹಾಗೆ ಕಾಣುತ್ತಿತ್ತು. ಅಜ್ಜಿ ತಲೆಯನ್ನು ಅತ್ತ ವಾಲಿಸಿ ಇತ್ತ ವಾಲಿಸಿ ನೋಡಿದರು. ನಿಧಾನವಾಗಿ ಅವರ ಮುಖ ಅರಳಿತು.

"ಈಗ ನೋಡು, ನನ್ನ ಹಾಗೇ ಇದೆ," ಎಂದರು. "ಅವತ್ತು ಬಿಸಿಲಲ್ಲಿ ನಾನು ಹಿಂಗೇ ಕೂತಿದ್ದೆ. ಆ ಇನ್ನೊಂದು ಕಣ್ಣೂ ಉಜ್ಜಿಬಿಡಪ್ಪ."

ಬೇಸಿಗೆಯೆಲ್ಲ ಅವನು ಕಾದದ್ದು ಈ ಒಂದು ಮಾತಿಗೆ. ಬಹುಮಾನ ಹಾಳಾಗಿ ಹೋಗಲಿ! ಇನ್ನೊಂದು ಕಣ್ಣನ್ನೂ ಮುಚ್ಚಿಸುತ್ತೇನೆ, ಕೆನ್ನೆಯನ್ನು ಮತ್ತೆ ಬರೆಯುತ್ತೇನೆ, ಸ್ಟುಡಿಯೋದಿಂದ ಬಂದ ಮೇಲೆ ದಿನಾ ಸಂಜೆ ಕೂತಾದರೂ ಬರೆಯುತ್ತೇನೆ. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಹೆಬ್ಬೆರಳು ಎತ್ತಿದ.

"ಅಳಿಯಂದ್ರೆ, ಕಾಗದ ಮುಟ್ಟಬೇಡಿ!"

ಕೂಗಿದವರು ಮಾವನವರು. ಪ್ರಶಸ್ತಿಪತ್ರವನ್ನು ಆಗಲೇ ಗೋಡೆಗೆ ಒರಗಿಸಿ, ಅಳಿಯ ಚಿತ್ರ ಬರೆಯಲು ಕೂರುತ್ತಿದ್ದ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದರು.

"ಕಣ್ಣಿನ ಕೆಲಸ ನಾನು ನೋಡ್ಕೋತೀನಿ. ಅದು ಎಲ್ಲರ ಕೈಲಾಗೋದಲ್ಲ. ನೀವು ಊಟ ಮಾಡಿ ಬೇಗ ಮಲಗಿ, ಬೆಳಿಗ್ಗೆ ಸ್ಟುಡಿಯೋ ತೆಗೀಬೇಕು. ಬೀಗ ನೆನಪಿದೆ ತಾನೆ? ಎಡಕ್ಕೆ ಒತ್ತಿ."

ಅವರು ಕೈ ಚಾಚಿ ಅಳಿಯನ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡರು. ಕೊರಳಿಗೆ ಜಾರಿದ್ದ ಅವನ ಕರವಸ್ತ್ರವನ್ನೂ ಬಿಚ್ಚಿಕೊಂಡು ತಮ್ಮ ಮೂಗಿಗೆ ಕಟ್ಟಿಕೊಂಡರು. ಆಮೇಲೆ ಮಗಳ ಕಡೆ ತಿರುಗಿದರು.

"ಮಗಳೇ, ಆ ಫ್ಯಾನ್ ಆರಿಸು."